ಗುಡಾರದ ಬಾಯಿ

ನಾನು ಹುಟ್ಟಿದ್ದು ಗುಡಾರದಲ್ಲಿ. ಗಂಗಾವತಿಯ ಕಡೆ ಯಾವುದೋ ಊರಿನ ಹೊರಗೆ, ಕೆರೆಯ ಹಿಂದಿನ ಬಯಲಿನಲ್ಲಿ. ಊರಿನ ಹೆಸರು ನಮ್ಮವ್ವನಿಗೂ ನೆನಪಿರಲಿಲ್ಲ. ನಾನು ಹುಟ್ಟಿದ ಮೂರನೆಯ ದಿನ ಗೌಡರ ಆಳು ಬಂದು "ಗೂಟ ಕೀಳ್ರಲೇ" ಎಂದನಂತೆ. ಅವ್ವ ನನ್ನನ್ನು ಜೋಳಿಗೆಗೆ ಹಾಕಿ, ಜೋಳಿಗೆಯನ್ನು ಕತ್ತೆಯ ಮೇಲೆ ಹಾಕಿ ಹೊರಟಳಂತೆ. ಸರ್ಕಾರದ ಕಾಗದದಲ್ಲಿ ನಮ್ಮ ಜಾತಿಗೆ ಒಂದು ಹೆಸರಿದೆ. ಊರುಗಳಲ್ಲಿ ಅದನ್ನು ಯಾರೂ ಹೇಳುತ್ತಿರಲಿಲ್ಲ. ಗುಡಾರದವರು ಎನ್ನುತ್ತಿದ್ದರು. ಕೋಳಿ ಕಳೆದರೆ ಗುಡಾರದವರು. ಕೂಸಿಗೆ ಜ್ವರ ಬಂದರೆ ಗುಡಾರದವರ ಕಣ್ಣು.

ಅರವತ್ತೆರಡನೆಯ ವಯಸ್ಸಿನಲ್ಲಿ, ಈ ಎರಡು ಸಾವಿರದ ಏಳನೇ ಇಸವಿಯಲ್ಲಿ, ನಾನು ಆಸ್ಟ್ರೇಲಿಯಾದಲ್ಲಿ ಎಂಟು ಗುಡಾರ ನೋಡಿದೆ. ಅವುಗಳಲ್ಲಿ ಒಂದು ರಾತ್ರಿ ಮಲಗಲು ಜನ ಮೂರು ತಿಂಗಳು ಮೊದಲೇ ಬುಕ್ ಮಾಡಿ ಕಾಯುತ್ತಿದ್ದರು.

ಮೆಲ್ಬೋರ್ನಿನಿಂದ ವೆರಿಬೀ. ವೆರಿಬೀಯಿಂದ ವ್ಯಾನಿನಲ್ಲಿ ಮುಕ್ಕಾಲು ಗಂಟೆ. ಮರವಿಲ್ಲದ ಹುಲ್ಲಿನ ಬಯಲು. ಆಫ್ರಿಕಾದಲ್ಲಿ ಸಫಾರಿ ಕ್ಯಾಂಪ್ ನಡೆಸಿದ್ದ ಒಬ್ಬ ಬಿಳಿಯ ಧಣಿ ಅದನ್ನು ಮಾರಿ, ಕ್ಯಾನ್ವಾಸು, ಮಂಚ, ಕಂದೀಲುಗಳನ್ನೆಲ್ಲ ಹಡಗಿನಲ್ಲಿ ತರಿಸಿ ಇಲ್ಲಿ ಹಾಕಿದ್ದನಂತೆ. ಅವನನ್ನು ನಾನು ನೋಡಲೇ ಇಲ್ಲ. ಬೇಲಿಯ ಆಚೆ ಆರು ಜೀಬ್ರಾ, ಎರಡು ಜಿರಾಫೆ, ಒಂದು ಮುದಿ ಘೇಂಡಾಮೃಗ. ಗುಡಾರದ ಒಳಗೆ ಮರದ ನೆಲ. ನಾಲ್ಕು ಕಂಬದ ಮಂಚ. ಸೊಳ್ಳೆಯೇ ಇಲ್ಲದ ಚಳಿಗಾಲದಲ್ಲೂ ಸೊಳ್ಳೆಪರದೆ. ಸಿಂಹದ ಪಾದ ಇರುವ ಬಿಳಿಯ ಸ್ನಾನದ ತೊಟ್ಟಿ. ಕಂದೀಲಿನಲ್ಲಿ ಎಣ್ಣೆಯಿಲ್ಲ, ಉರಿಯಂತೆ ಕಾಣುವ ಬಲ್ಬು.

ನನ್ನ ಮಗಳು ಹರ್ಷಿತಾ ಅಲ್ಲಿನ ಅಡಿಗೆಮನೆಯಲ್ಲಿದ್ದಳು. ಆ ಹೆಸರು ಇಟ್ಟದ್ದು ಹಾಸ್ಟೆಲಿನ ಮೇಲ್ವಿಚಾರಕಿ. ಹಾಸ್ಟೆಲಿನಲ್ಲಿ ಓದಿದಳು, ಬೆಂಗಳೂರಿನ ಹೋಟೆಲುಗಳಲ್ಲಿ ಒಲೆಯ ಮುಂದೆ ಬೆಂದಳು, ಅಡಿಗೆ ಕೋರ್ಸಿಗೆಂದು ಮೆಲ್ಬೋರ್ನಿಗೆ ಬಂದಳು. ಕೋರ್ಸು ಮುಗಿದರೆ ಸಾಲದು. ಒಂಬೈನೂರು ಗಂಟೆ ಅಡಿಗೆ ಮಾಡಿದ್ದಾಳೆ ಎಂದು ಕೆಲಸ ಕೊಟ್ಟವರು ಕಾಗದ ಬರೆದುಕೊಡಬೇಕು. ಆ ಕಾಗದ ಇದ್ದರೆ ಅಲ್ಲೇ ಕಾಯಂ ನೆಲೆಸಲು ಪಿಆರ್‌ಗೆ ಅರ್ಜಿ. ಇಲ್ಲದಿದ್ದರೆ ವಾಪಸ್ಸು. ಕಾಗದದ ಆಸೆಗೆ ಹುಡುಗರು ಪುಕ್ಕಟೆ ದುಡಿಯುತ್ತಿದ್ದರು. ಇವಳೂ ಪುಕ್ಕಟೆ ದುಡಿದಳು. ಏಪ್ರಿಲಿನಲ್ಲೇ ಗಂಟೆ ಮುಗಿದವು. ಆಗಸ್ಟಿಗೆ ವೀಸಾ ಮುಗಿಯುತ್ತಿತ್ತು. ಕಾಗದಕ್ಕೆ ಸಹಿ ಹಾಕಬೇಕಾದವನು ಕ್ಯಾಂಪಿನ ಮ್ಯಾನೇಜರ್ ತ್ರಿವಿಕ್ರಮ. ಬೆಂಗಳೂರಿನವನು. ಅವನೂ ಒಂದು ಕಾಲಕ್ಕೆ ಹೀಗೇ ಬಂದ ಸ್ಟೂಡೆಂಟು. "ನೆಕ್ಸ್ಟ್ ವೀಕ್ ಕೊಡ್ತೀನಿ ಹರ್ಷಿತಾ, ಟೆನ್ಷನ್ ತಗೋಬೇಡ" ಎನ್ನುತ್ತಿದ್ದ. ವಾರವಾರವೂ ಎನ್ನುತ್ತಿದ್ದ.

ನಾನು ಬಂದದ್ದು ಮಗಳನ್ನು ನೋಡಲು, ವಿಸಿಟರ್ ವೀಸಾದಲ್ಲಿ. ಕೆಲಸ ಮಾಡುವಂತಿಲ್ಲ ಎಂದು ಅದರ ಮೇಲೆ ಅಚ್ಚು ಹಾಕಿತ್ತು. ಬಂದು ಹದಿನೈದು ದಿನವಾಗಿರಬೇಕು, ಗಾಳಿ ಎದ್ದು ಮೂರನೆಯ ನಂಬರಿನ ಗುಡಾರದ ಪಕ್ಕೆ ಹರಿಯಿತು. ಸಿಟಿಯಿಂದ ರಿಪೇರಿಯವರು ಬರಲು ವಾರ ಬೇಕು. ಮಗಳು ಬಾಯಿ ತಪ್ಪಿ "ನಮ್ಮವ್ವ ಹೊಲೀತಾಳ ಸರ್" ಎಂದಳಂತೆ. ಡಬ್ಬಣ, ಮೇಣ ಹಚ್ಚಿದ ದಾರ ತೆಗೆದುಕೊಂಡು ಕೂತೆ. ಹರಿದ ಎರಡು ಅಂಚನ್ನೂ ಒಂದರೊಳಗೊಂದು ಮಡಚಿ ಎರಡು ಸಲ ಹೊಲಿಯಬೇಕು. ಆಗ ನೀರು ಇಳಿಯುವುದಿಲ್ಲ. ಅದು ನಮ್ಮವ್ವ ಕಲಿಸಿದ ಹೊಲಿಗೆ. ತ್ರಿವಿಕ್ರಮ ಬಕೆಟ್ಟಿನಿಂದ ನೀರು ಎರಚಿ ನೋಡಿದ.

"ಸೂಪರ್ ಆಂಟಿ! ಮೆಷೀನ್ ತರ ಹೊಲ್ದಿದೀರಾ. ನಾಳೆಯಿಂದ ಹರ್ಷಿತಾ ಜೊತೆ ವ್ಯಾನಲ್ಲೇ ಬಂದ್ಬಿಡಿ. ಮನೇಲಿ ಒಬ್ರೇ ಕೂತು ಬೋರಾಗತ್ತಲ್ವಾ?"

ಹೀಗೆ ನನ್ನ ಕೆಲಸ ಶುರುವಾಯಿತು. ಸಂಬಳದ ಮಾತು ಅವನೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಕಾಗದ ಅವನ ಕೈಲಿತ್ತು. ಕ್ಯಾನ್ವಾಸಿನ ಬೂಷ್ಟನ್ನು ಬ್ರಷ್ಷಿನಿಂದ ಉಜ್ಜುವುದು. ತೊಟ್ಟಿ ತಿಕ್ಕುವುದು. ಸೌದೆ ಹೊರುವುದು. ಸಂಜೆ ಹದಿನಾರು ರಬ್ಬರ್ ಚೀಲಕ್ಕೆ ಬಿಸಿನೀರು ತುಂಬಿ ಹಾಸಿಗೆಗಳ ಕಾಲ್ದೆಸೆಗೆ ಇಡುವುದು. ಹಾಸಿಗೆ ಬೆಚ್ಚಗಾಗುತ್ತಿತ್ತು. ನನ್ನ ಬೆರಳ ಸಂದುಗಳು ಒಡೆದು ರಕ್ತ ಬರುತ್ತಿತ್ತು. ಬಿಳಿಯ ಚಾದರಕ್ಕೆ ಅಂಟಬಾರದೆಂದು ಪ್ಲಾಸ್ಟರ್ ಸುತ್ತಿಕೊಳ್ಳುತ್ತಿದ್ದೆ.

ನನ್ನ ಜೊತೆ ಇದ್ದವಳು ಅಚೋಲ್. ಸೂಡಾನಿನವಳು, ಆರಡಿ ಎತ್ತರ. ಡ್ಯಾಂಡಿನಾಂಗಿನಿಂದ ಎರಡು ರೈಲು ಬದಲಿಸಿ ವೆರಿಬೀಗೆ ಬಂದು ನಮ್ಮ ವ್ಯಾನು ಹತ್ತುತ್ತಿದ್ದಳು. ಹಗಲೆಲ್ಲ ಕಕ್ಕಸು ತೊಳೆಯುತ್ತಿದ್ದಳು. ಸಂಜೆ ಐದಾದರೆ ತ್ರಿವಿಕ್ರಮ ಅವಳಿಗೆ ಕೆಂಪು ಚೌಕುಳಿ ಬಟ್ಟೆ, ಮಣಿಸರ ಕೊಟ್ಟು ಬಾಗಿಲಲ್ಲಿ ನಿಲ್ಲಿಸುತ್ತಿದ್ದ. ಬಂದವರಿಗೆ "ಜಾಂಬೋ" ಎನ್ನಬೇಕು. ಆ ಮಾತು ಅವಳ ಭಾಷೆಯದಲ್ಲ. ಆ ಬಟ್ಟೆ ಅವಳ ಜನದ್ದಲ್ಲ. ಅವಳು ಊರು ಬಿಟ್ಟು ಓಡಿಬಂದು ಒಂಬತ್ತು ವರ್ಷ ನಿರಾಶ್ರಿತರ ಡೇರೆಯಲ್ಲಿ ಇದ್ದವಳು.

ನಮ್ಮಿಬ್ಬರಿಗೂ ಇಂಗ್ಲಿಷು ಅಷ್ಟಕ್ಕಷ್ಟೇ. ಒಂದು ದಿನ ತೊಟ್ಟಿ ತಿಕ್ಕುತ್ತ ಅವಳು ತನ್ನ ಎದೆ ಮುಟ್ಟಿಕೊಂಡು, "ಮೀ, ಟೆಂಟ್" ಎಂದು ಒಂಬತ್ತು ಬೆರಳು ತೋರಿಸಿದಳು. ನಾನೂ "ಮೀ, ಟೆಂಟ್" ಎಂದು ಹತ್ತೂ ಬೆರಳನ್ನು ನಾಲ್ಕು ಸಲ ಬಿಚ್ಚಿ ಮುಚ್ಚಿದೆ. ಜನತಾ ಮನೆ ಸಿಕ್ಕಿದಾಗ ನನಗೆ ನಲವತ್ತು. ಅಕ್ಷರ ಕಲಿತದ್ದು ಅದರ ಮೇಲೆ, ರಾತ್ರಿ ಶಾಲೆಯಲ್ಲಿ. ಅಚೋಲ್ ಕಣ್ಣರಳಿಸಿ, "ಯೂ ವಿನ್, ಮಾಮಾ" ಎಂದಳು. ಆಮೇಲೆ ತೊಟ್ಟಿಯ ಸಿಂಹಪಾದವನ್ನು ಬ್ರಷ್ಷಿನಿಂದ ತಟ್ಟಿ, "ಮೈ ಟೆಂಟ್, ನೋ ಬಾತ್" ಎಂದಳು. ಇಬ್ಬರೂ ನೆಲದ ಮೇಲೆ ಕೂತು ನಕ್ಕೆವು. ಆ ಕ್ಯಾಂಪಿನಲ್ಲಿ ನಾನು ನಕ್ಕದ್ದು ಅಷ್ಟೇ.

ಜುಲೈಯಲ್ಲಿ ಸಿಡ್ನಿಯಿಂದ ಸತ್ಯನಾರಾಯಣ, ವಿಜಯಾ ಎಂಬ ಗಂಡಹೆಂಡತಿ ಬಂದರು. ಮದುವೆಯ ಇಪ್ಪತ್ತೈದನೆಯ ವರ್ಷವಂತೆ. ಅವರು ಈ ಹಿಂದೆ ಆಫ್ರಿಕಾಕ್ಕೇ ಹೋಗಿ ಇಂಥದೇ ಗುಡಾರದಲ್ಲಿ ನಾಲ್ಕು ದಿನ ಇದ್ದು ಬಂದವರು. ಆತ ಕಂಪ್ಯೂಟರ್ ಕಂಪನಿಯಲ್ಲಿ ದೊಡ್ಡ ಕೆಲಸದವನು, ಅಲ್ಲಿನ ಕನ್ನಡದವರಲ್ಲಿ ಮುಂದಾಳು. ಕನ್ನಡದವರು ಎಂದು ತ್ರಿವಿಕ್ರಮ ತಾನೇ ಅವರ ಪೆಟ್ಟಿಗೆ ಎತ್ತಿಕೊಂಡು ನಾಲ್ಕನೆಯ ಗುಡಾರಕ್ಕೆ ಹೋದ.

ಮರುದಿನ ಬೆಳಿಗ್ಗೆ ಟವೆಲ್ ಇಡಲು ಹೋದೆ. ಆಕೆ ಗಂಡನಿಗೆ, "ಇನ್ನೆರಡು ಬೇಕು ಅಂತ ಹೇಳ್ರೀ ಈ ಲೇಡಿಗೆ" ಎಂದಳು.

"ತರ್ತೀನ್ರೀ ಅವ್ವಾರ" ಎಂದೆ.

"ಅಯ್ಯೋ! ಕನ್ನಡದವ್ರಾ? ನೋಡ್ರೀ, ಇಲ್ಲಿ ಕನ್ನಡ! ಬನ್ನಿ, ಕೂತ್ಕೊಳ್ಳಿ. ಕೆಳಗ್ಯಾಕೆ, ಕುರ್ಚಿ ಮೇಲೆ ಕೂತ್ಕೊಳ್ಳಿ, ಹಿರೀರು ನೀವು."

ಕುರ್ಚಿಯ ಮೇಲೆ ಕೂತೆ. ಸುಳ್ಳು ಹೇಳುವುದಿಲ್ಲ, ಕಣ್ಣು ತುಂಬಿ ಬಂತು. ಆಕೆ ಒಳ್ಳೆಯ ಮಾತು ಆಡಿದಳು. ಬೆಳಗಿನ ಉಪ್ಪಿಟ್ಟು ಯಾರು ಮಾಡಿದ್ದು ಎಂದು ಕೇಳಿದಳು. ನನ್ನ ಮಗಳು ಎಂದೆ. "ನಮ್ಮಮ್ಮನ ಕೈರುಚಿ ಕಣ್ರೀ. ಎರಡು ಸಲ ಹಾಕಿಸ್ಕೊಂಡೆ" ಎಂದಳು. ಚಳಿಗೆ ತಲೆ ಸಿಡಿಯುತ್ತಿದೆ, ಚೂರು ಎಣ್ಣೆ ತಟ್ಟುತ್ತೀರಾ ಎಂದಳು. ಎಣ್ಣೆ ಬಿಸಿ ಮಾಡಿ ತಂದೆ. ಆಕೆ ಮಂಚಕ್ಕೆ ಒರಗಿ ಕೆಳಗೆ ಕೂತಳು. ನಾನು ಮೇಲೆ ಕೂತು ಅವಳ ನೆತ್ತಿಗೆ ಎಣ್ಣೆ ಇಳಿಸಿದೆ.

"ಇಷ್ಟು ಸುಖವಾಗಿರತ್ತೆ ಟೆಂಟು ಅಂತ ಯಾರು ಅಂದ್ಕೋತಾರೆ, ಅಲ್ವಾ? ನೇಚರ್ ಜೊತೆ ಇದ್ದ ಹಾಗೆ. ಮನೆಗಿಂತ ಇದೇ ವಾಸಿ. ಅಂದ ಹಾಗೆ ನೀವು ಯಾವ ಪೈಕಿ?"

ನಾನು ಊರಿನಲ್ಲಿ ಈ ಪ್ರಶ್ನೆಗೆ ಒಂದು ಉತ್ತರ ಇಟ್ಟುಕೊಂಡಿದ್ದೆ. ಬಾಡಿಗೆಮನೆ ಕೇಳಲು ಹೋದಾಗ, ಬಸ್ಸಿನಲ್ಲಿ, ಮಗಳು ದುಡಿಯುತ್ತಿದ್ದ ಹೋಟೆಲಿನಲ್ಲಿ, ಎಲ್ಲ ಕಡೆ ಅದನ್ನೇ ಹೇಳುತ್ತಿದ್ದೆ. ಅವತ್ತು ಹೇಳಲಿಲ್ಲ. ಗುಡಾರವೇ ವಾಸಿ ಎನ್ನುತ್ತಿದ್ದಾಳೆ, ಗುಡಾರಕ್ಕಾಗಿ ಸಿಡ್ನಿಯಿಂದ ವಿಮಾನದಲ್ಲಿ ಬಂದಿದ್ದಾಳೆ. ಇವಳ ಮುಂದೆ ಆ ಮಾತಿಗೆ ಏನು ನಾಚಿಕೆ ಎನಿಸಿತು. ಅದೇ ನಾನು ಮಾಡಿದ ತಪ್ಪು.

"ನಾವು ಗುಡಾರದವ್ರು ರೀ" ಎಂದೆ.

"ಅಂದ್ರೆ?"

"ಊರೂರು ತಿರುಗೋರು. ಊರ ಹೊರಗ ಗುಡಾರ ಹಾಕ್ಕೊಂಡು, ಮನಿ ಮನಿ ಮುಂದ ಹಾಡಿ, ಬೇಡಿ ಉಣ್ಣೋರು. ನಾನೂ ಇಂಥಾದ್ರಾಗ ಹುಟ್ಟಿದಾಕಿನ."

ನನ್ನ ಕೈಯೊಳಗಿನ ತಲೆ ಮುಂದೆ ಸರಿಯಿತು. ಒಂದು ಗೇಣು ಇರಬಹುದು. "ಸಾಕು ಬಿಡಿ" ಎಂದಳು. ಸೆರಗು ಹೊದ್ದು ಎದ್ದಳು.

ಮಧ್ಯಾಹ್ನ ತೊಟ್ಟಿ ತೊಳೆಯಲು ಹೋದಾಗ ಶಾಂಪೂ ಬಾಟಲಿ ಖಾಲಿಯಿತ್ತು. ಬೆಳಿಗ್ಗೆ ನಾನೇ ತುಂಬಿಸಿ ಇಟ್ಟಿದ್ದೆ. ಕೂದಲು ಕಟ್ಟಿಕೊಂಡಿದ್ದ ನೀರಿನ ದಾರಿಯನ್ನು ನಾನೇ ಕೈಹಾಕಿ ಬಿಡಿಸಿದೆ.

ಊಟದ ತಟ್ಟೆ ಮುಟ್ಟದೆ ವಾಪಸ್ಸು ಬಂತು. ತ್ರಿವಿಕ್ರಮ ಅಡಿಗೆಮನೆಗೆ ಬಂದ.

"ಹರ್ಷಿತಾ, ಟೆಂಟ್ ಫೋರ್ ಅಡುಗೆ ನೀನು ಮುಟ್ಬೇಡ. ಲ್ಯೂಕ್ ಮಾಡ್ತಾನೆ."

ಲ್ಯೂಕ್ ಅಲ್ಲಿನ ಬಿಳಿಯ ಅಡಿಗೆಯವನು.

"ಸರ್, ಅವ್ರು ಪ್ಯೂರ್ ವೆಜ್. ಲ್ಯೂಕ್ ಈಗಷ್ಟೇ ದನದ ಮಾಂಸ ಕೊಯ್ದಾನ್ರೀ. ಅದೇ ಹಲಗಿ, ಅದೇ ಚಾಕು."

"ಅದೆಲ್ಲ ಅವ್ರಿಗೆ ಗೊತ್ತಾಗಲ್ಲ. ನಿಂದು ಗೊತ್ತಾಗಿದೆ."

ಮಗಳು ನನ್ನ ಕಡೆ ತಿರುಗಿದಳು. ನಾನು ನೆಲ ನೋಡಿದೆ. ಅವಳು ಈರುಳ್ಳಿ ಹೆಚ್ಚತೊಡಗಿದಳು.

ಹೆಂಡತಿ ತಟ್ಟೆ ದೂಡಿದಳು. ಗಂಡನಿಗೆ ಬೇರೆಯದೇ ಹುಕಿ ಬಂತು. ಮೂರು ಗಂಟೆಗೆ ತ್ರಿವಿಕ್ರಮ ಮತ್ತೆ ಬಂದ. ಈ ಸಲ ನಗುತ್ತಿದ್ದ.

"ಆಂಟಿ, ಒಂದು ಐಡಿಯಾ. ಸತ್ಯನಾರಾಯಣ ಸರ್ ಫುಲ್ ಥ್ರಿಲ್ ಆಗಿದಾರೆ. ರಿಯಲ್ ನೋಮ್ಯಾಡ್ ಸಿಕ್ಕಿದಾರೆ ಅಂತ. ಸನ್‌ಸೆಟ್ ಟೈಮಲ್ಲಿ ಗೆಸ್ಟ್ಸ್ ಎಲ್ಲ ಡ್ರಿಂಕ್ಸ್‌ಗೆ ಸೇರ್ತಾರಲ್ಲ, ಅಲ್ಲಿ ನಿಮ್ಮದೊಂದು ಒರಿಜಿನಲ್ ಗುಡಾರ ಹಾಕಿ. ಹಳೇ ಬಟ್ಟೆ ಕೊಡಿಸ್ತೀನಿ. ಅದರ ಬಾಯಲ್ಲಿ ಕೂತು ನಿಮ್ಮ ಹಾಡು ಹಾಡಿ. ಬೇಡೋ ಹಾಡು. ಹತ್ತೇ ನಿಮಿಷ."

"ಆ ಹಾಡು ಬ್ಯಾಡ್ರಿ ಸಾಹೇಬ್ರ."

ಅವನು ಜಾಕೀಟಿನ ಜಿಪ್ ಎಳೆದು ಒಳಗಿನಿಂದ ಪ್ಲಾಸ್ಟಿಕ್ಕಿನ ಫೋಲ್ಡರ್ ತೆಗೆದ. ಟೈಪಾದ ಕಾಗದ. ಮಗಳ ಹೆಸರು ನಾನೇ ಓದಿದೆ. ಕೆಳಗೆ ಸಹಿಯ ಜಾಗ ಖಾಲಿ.

"ಹಾಡು ಮುಗೀತಿದ್ದ ಹಾಗೆ ಸೈನ್. ಅಲ್ಲೇ. ಪ್ರಾಮಿಸ್."

ಆ ಹಾಡು ನಮ್ಮವ್ವನದು. ಹೊತ್ತು ಹುಟ್ಟುವ ಮೊದಲು ಊರಿನವರ ಬಾಗಿಲಲ್ಲಿ ಹಾಡುವುದು. ನಿಮ್ಮ ಎಂಜಲು ನಮಗೆ ಅಮೃತ ಎಂಬ ಅರ್ಥ ಅದಕ್ಕೆ. ಜನತಾ ಮನೆಗೆ ಬಂದ ದಿನ ಅದನ್ನು ಬಿಟ್ಟೆ. ಮಗಳು ತೊಟ್ಟಿಲಲ್ಲಿ ಅತ್ತಾಗಲೂ ಹಾಡಲಿಲ್ಲ. ಬೇರೆ ಹಾಡು ಬರುತ್ತಿರಲಿಲ್ಲ, ಅದಕ್ಕೆ ಸುಮ್ಮನೆ ತೂಗುತ್ತಿದ್ದೆ. ಅವಳ ಕಿವಿಗೆ ಅದು ಬೀಳಬಾರದಿತ್ತು.

ಹರ್ಷಿತಾ ನನ್ನನ್ನು ಸೌದೆಯ ಹಿಂದಕ್ಕೆ ಕರೆದುಕೊಂಡು ಹೋದಳು.

"ಹಾಡವ್ವಾ. ಒಂದ್ಸಲ. ನಾ ಕಿವಿ ಮುಚ್ಚಿಕೊಂತೀನಿ."

ಹ್ಞೂಂ ಎಂದೆ.

ಗೋದಾಮಿನಲ್ಲಿ ಹರಿದ ಕ್ಯಾನ್ವಾಸಿನ ತುಂಡುಗಳಿದ್ದವು. ಹೊಲಿದೆ. ಮೂರು ಕೋಲು ಕಡಿದೆ. ಗಾಳಿ ಯಾವ ಕಡೆಯಿಂದ ಬರುತ್ತದೆಂದು ಮಣ್ಣು ತೂರಿ ನೋಡಿದೆ. ಗುಡಾರದ ಬಾಯಿ ಗಾಳಿಗೆ ಇರಬಾರದು. ಕಲ್ಲಿನಿಂದ ಗೂಟ ಹೊಡೆದೆ. ಇಪ್ಪತ್ತೆರಡು ವರ್ಷವಾಗಿತ್ತು. ಕೈ ಮರೆತಿರಲಿಲ್ಲ. ಮಂಡಿ ಮಾತ್ರ ಮರೆತಿತ್ತು. ನನ್ನ ಎದೆಯ ಎತ್ತರಕ್ಕೆ ಒಂದು ಗುಡಾರ ಎದ್ದಿತು. ನೋಡಿದರೆ ನಮ್ಮವ್ವನದೇ.

ನಮ್ಮಲ್ಲಿ ಒಂದು ರೂಢಿಯಿದೆ. ಹೊಸ ಜಾಗದಲ್ಲಿ ಗುಡಾರ ಹಾಕಿದರೆ ಅದರ ಬಾಯಲ್ಲಿ ಕೂತು, ಮೊದಲು ಎದುರಾದವರನ್ನು ಒಳಗೆ ಕರೆದು ಒಂದು ತುತ್ತು ಕೊಡಬೇಕು. ಅವರು ಉಂಡರೆ ಅದು ಮನೆ. ಉಣ್ಣದಿದ್ದರೆ ಬರೀ ಬಟ್ಟೆ. ಊರಿನವರು ಯಾವತ್ತೂ ಬರುತ್ತಿರಲಿಲ್ಲ. ನಾವು ನಾವೇ ಒಬ್ಬರ ಗುಡಾರಕ್ಕೆ ಇನ್ನೊಬ್ಬರು ಹೋಗಿ ಉಣ್ಣುತ್ತಿದ್ದೆವು. ಇನ್ನೊಂದು ಮಾತು. ಬೇಡುವ ಹಾಡನ್ನು ಬೇರೆಯವರ ಬಾಗಿಲಲ್ಲಿ ಹಾಡುತ್ತೇವೆ. ಸ್ವಂತ ಗುಡಾರದ ಬಾಯಲ್ಲಿ ಹಾಡುವುದಿಲ್ಲ. ಎಷ್ಟೇ ಹಸಿದಿದ್ದರೂ ಹಾಡುವುದಿಲ್ಲ. ಆ ಬಾಯಿಯ ಒಳಗೆ ನಾವು ಬೇಡುವವರಲ್ಲ.

ಈ ಎರಡೂ ನನಗೆ ನೆನಪಾದದ್ದು ಒಳಗೆ ಹೋಗಿ ಕೂತ ಮೇಲೆ. ಮೊದಲೇ ನೆನಪಾಗಿದ್ದರೆ ಗುಡಾರ ಹಾಕದೆ ಬರೀ ನೆಲದ ಮೇಲೆ ಕೂತು ಹಾಡಿಬಿಡುತ್ತಿದ್ದೆನೇನೋ. ಮಗಳ ಕಾಗದ ಬರುತ್ತಿತ್ತು.

ಸೂರ್ಯ ಇಳಿಯುತ್ತಿದ್ದ. ಹನ್ನೆರಡು ಹದಿಮೂರು ಜನ ಗಾಜಿನ ಲೋಟ ಹಿಡಿದು ಅರ್ಧ ಸುತ್ತು ನಿಂತಿದ್ದರು. ಪಕ್ಕದಲ್ಲಿ ಅಚೋಲ್, ಕೆಂಪು ಬಟ್ಟೆಯಲ್ಲಿ. ಸತ್ಯನಾರಾಯಣ ಎಲ್ಲರಿಗೂ ಇಂಗ್ಲಿಷಿನಲ್ಲಿ ನನ್ನ ಜಾತಿ ವಿವರಿಸುತ್ತಿದ್ದ. ಆಮೇಲೆ ಕ್ಯಾಮೆರಾ ಎತ್ತಿದ. "ಹಾಂ, ಈಗ ಹಾಡಿ ಅಜ್ಜಿ. ನ್ಯಾಚುರಲ್ ಆಗಿ."

ನನ್ನ ಮಡಿಲಲ್ಲಿ ರೊಟ್ಟಿಯಿತ್ತು. ಮಗಳು ಮಧ್ಯಾಹ್ನ ನಮಗೆಂದು ಸುಟ್ಟದ್ದು. ತೆಗೆದೆ. ಮುರಿದೆ. ಎದುರಿಗೆ ವಿಜಯಾ ನಿಂತಿದ್ದಳು. ಕೂದಲು ಇನ್ನೂ ಹಸಿಯಿತ್ತು.

"ಬರ್ರೀ ಅವ್ವಾರ. ಒಳಗ ಬರ್ರಿ. ನಮ್ಮ ಗುಡಾರ ಇದು. ಒಂದು ತುತ್ತು ಉಣ್ರಿ."

ಆಕೆ ಶಾಲನ್ನು ಕುತ್ತಿಗೆಗೆ ಬಿಗಿದುಕೊಂಡಳು.

"ನಿಮಗ ಟೆಂಟು ಭಾಳ ಸೇರ್ತೈತಲ್ರೀ. ಬಗ್ಗಿ ಬರಬೇಕು, ಅಷ್ಟೇ. ಬರ್ರಿ."

ಒಬ್ಬ ಬಿಳಿಯ ಹೆಂಗಸು, ಏನು ಹೇಳುತ್ತಿದ್ದಾಳೆ ಎಂದು ಕೇಳಿದಳು. "ಶಿ ಈಸ್ ವೆಲ್‌ಕಮಿಂಗ್ ಅಸ್" ಎಂದ ಸತ್ಯನಾರಾಯಣ. ಎಲ್ಲರೂ ಚಪ್ಪಾಳೆ ತಟ್ಟಿದರು. ಯಾರೂ ಬಗ್ಗಲಿಲ್ಲ.

"ಆಂಟಿ, ಹಾಡಿ" ಎಂದ ತ್ರಿವಿಕ್ರಮ. "ಡೈಲಾಗ್ ಬೇಡ. ಹಾಡಿ."

"ಅದು ಬೇಡೋ ಹಾಡ್ರಿ. ಬ್ಯಾರೇರ ಬಾಗಿಲಾಗ ಹಾಡೋದು. ಇದು ನನ್ನ ಬಾಗಿಲ. ಇಲ್ಲಿ ಬಂದು ನಿಂತೋರು ನೀವು. ಬೇಡೋರು ನೀವು. ರೊಟ್ಟಿ ಹಿಡಕೊಂಡು ಕುಂತೀನಿ, ಬರ್ರಿ."

"ಹಾಡ್ತೀರೋ ಇಲ್ವೋ?"

"ಹಾಡಂಗಿಲ್ಲ."

ಅವನ ಕೈಯಲ್ಲಿ ಫೋಲ್ಡರ್ ಇತ್ತು. ಅದನ್ನು ಜಾಕೀಟಿನೊಳಗೆ ಇಟ್ಟು ಜಿಪ್ ಎಳೆದ. ಆ ಸದ್ದು ನನಗೆ ಕೇಳಿಸಿತು. ಅಡಿಗೆಮನೆಯ ಬಾಗಿಲಲ್ಲಿ ಮಗಳು ನಿಂತಿದ್ದಳು. ಎರಡೂ ಕೈ ಕಿವಿಯ ಮೇಲಿದ್ದವು. ಅವಳಿಗೆ ಕೇಳಿಸಿರಲಿಕ್ಕಿಲ್ಲ.

ಅಚೋಲ್ ಮಣಿಸರ ತೆಗೆದು ಹುಲ್ಲಿನ ಮೇಲೆ ಹಾಕಿದಳು. ಆರಡಿ ಮೈಯನ್ನು ಮಡಚಿ, ಮೊಣಕಾಲೂರಿ ಒಳಗೆ ಬಂದಳು. ರೊಟ್ಟಿ ಇಸಿದುಕೊಂಡು ತಿಂದಳು. ನಾವಿಬ್ಬರೂ ಒಳಗೆ ಕೂತು ಹೊರಗಿನ ಬೂಟುಗಳನ್ನು ನೋಡಿದೆವು. ಒಂದೊಂದೇ ಜೋಡಿ ಹೊರಟು ಹೋಯಿತು.

ಆಮೇಲೆ ನಾನು ಹೊರಗೆ ಬಂದು ಗೂಟ ಕಿತ್ತೆ. ಯಾರೂ ಹೇಳದೆ ಗೂಟ ಕಿತ್ತದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು.

ಮರುದಿನ ವ್ಯಾನು ಬರಲಿಲ್ಲ. ಹರ್ಷಿತಾ ಫೋನು ಮಾಡಿದಳು. ಇನ್ನೊಂದು ಸಲ ಫೋನು ಮಾಡಿದರೆ ನಿನ್ನ ತಾಯಿ ವಿಸಿಟರ್ ವೀಸಾದಲ್ಲಿ ಕೆಲಸ ಮಾಡಿದ್ದನ್ನು ಇಮಿಗ್ರೇಷನ್ನಿಗೆ ತಿಳಿಸುತ್ತೇನೆ ಎಂದ ತ್ರಿವಿಕ್ರಮ. ಆ ಒಂಬೈನೂರು ಗಂಟೆ ಅಲ್ಲಿಗೆ ಹೋದವು. ಮಗಳು ಮೂರನೆಯ ದಿನ ಕೇಳಿದಳು.

"ಒಂದು ಹಾಡು ಹಾಡಿದ್ರ ಏನಾಗ್ತಿತ್ತವ್ವಾ? ನಿನ್ನ ನಾಲಿಗಿ ಸುಡ್ತಿತ್ತೇನು?"

ಅವಳ ತಟ್ಟೆಗೆ ಒಂದು ರೊಟ್ಟಿ ಹಾಕಿದೆ.

ಅಚೋಲ್ ಅಲ್ಲೇ ಇದ್ದಾಳೆ. ಅವಳಿಗೆ ಐದು ಮಕ್ಕಳು. ಗುಡಾರವನ್ನು ಅವರು ಮತ್ತೆ ಎಬ್ಬಿಸಿದ್ದಾರೆ. ಕ್ಯಾಂಪಿನ ವೆಬ್‌ಸೈಟಿನಲ್ಲಿ ಫೋಟೋ ಇದೆ ಎಂದು ಹರ್ಷಿತಾ ತೋರಿಸಿದಳು. ಅದರ ಬಾಯಲ್ಲಿ ಅಚೋಲ್ ಮಣಿಸರ ಹಾಕಿಕೊಂಡು ಕೂತಿದ್ದಾಳೆ. ಹೊಲಿಗೆ ನನ್ನದು. ಬಾಯನ್ನು ಗಾಳಿಗೆ ಇಟ್ಟಿದ್ದಾರೆ. ಮಳೆ ಬಂದರೆ ನೇರ ಅವಳ ಮುಖಕ್ಕೆ.

ಹರ್ಷಿತಾ ಇನ್ನೊಂದು ಕೋರ್ಸಿಗೆ ಸೇರಿ ವೀಸಾ ಆರು ತಿಂಗಳು ಮುಂದಕ್ಕೆ ಹಾಕಿಸಿಕೊಂಡಳು. ನಾವು ಸಿಡ್ನಿಗೆ ಬಂದೆವು. ಪೆಂಡಲ್ ಹಿಲ್ ಸ್ಟೇಷನ್ನಿನ ಹತ್ತಿರ ಭಾಸ್ಕರ ಎಂಬವನ ಹೋಟೆಲಿನಲ್ಲಿ ಕೆಲಸ ಸಿಕ್ಕಿತು. ಗಂಟೆಯ ಎಣಿಕೆ ಮತ್ತೆ ಒಂದರಿಂದ. ಮೂರು ವಾರ ದೋಸೆಯ ಕಾವಲಿಯ ಮುಂದೆ ನಿಂತಳು. ಭಾನುವಾರ ಜನ ಸಾಲು ನಿಲ್ಲುತ್ತಿದ್ದರು. ಭಾಸ್ಕರ ಖುಷಿಯಾಗಿದ್ದ.

ನಾಲ್ಕನೆಯ ಭಾನುವಾರ ವಿಜಯಾ ಊಟಕ್ಕೆ ಬಂದಳು. ಜೊತೆಗೆ ಎಂಟು ಜನ. ದೋಸೆ ತಿಂದು, ಚೆನ್ನಾಗಿದೆ ಎಂದು ಇನ್ನೊಂದು ಹೇಳಿದಳಂತೆ. ಆಮೇಲೆ ಅಡಿಗೆಮನೆಯ ಕಿಟಕಿಯಲ್ಲಿ ಮಗಳ ಮುಖ ಕಂಡು, ಅವತ್ತು ಕ್ಯಾಂಪಿನ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದವಳು ಎಂದು ಗುರುತು ಹಿಡಿದಳಂತೆ.

ಸೋಮವಾರ ಭಾಸ್ಕರ ಹರ್ಷಿತಾಳನ್ನು ಕರೆದ. ಕೆಟ್ಟವನಲ್ಲ. ನೆಲ ನೋಡಿಕೊಂಡೇ ಮಾತಾಡಿದ.

"ನಂಗೇನಿಲ್ಲಮ್ಮ. ಕಸ್ಟಮರ್ಸ್ ಮಾತಾಡ್ತಾರೆ. ಅಡುಗೆ ಕಡೆ ಬೇಡ. ಪಾತ್ರೆ ಕಡೆ ನೋಡ್ಕೋ."

ಪಾತ್ರೆ ತೊಳೆದ ಗಂಟೆ ಅಡಿಗೆಯ ಕಾಗದಕ್ಕೆ ಬರುವುದಿಲ್ಲ. ಒಂದು ಗಂಟೆಯೂ ಬರುವುದಿಲ್ಲ. ಅದು ಅವನಿಗೂ ಗೊತ್ತು, ಅವಳಿಗೂ ಗೊತ್ತು. ರೂಮಿನ ರೆಂಟ್ ಇದೆ, ಅದಕ್ಕೆ ತೊಳೆಯುತ್ತಾಳೆ.

ಬರುವ ಗುರುವಾರ ನನ್ನ ವಿಮಾನ. ಅವಳ ಆರು ತಿಂಗಳು ಮುಗಿದರೆ ಅವಳದೂ ಅದೇ ದಾರಿ.

ಇವತ್ತು ಅವಳನ್ನು ಕರೆದುಕೊಂಡು ಬರಲು ಹೋಟೆಲಿನ ಹಿಂಬಾಗಿಲಿಗೆ ಹೋಗಿದ್ದೆ. ಹಾಲಿನ ಕ್ರೇಟಿನ ಮೇಲೆ ಕೂತಿದ್ದೆ. ಅವಳು ಏಪ್ರನ್ ಬಿಚ್ಚಿ ಬಂದು ಪಕ್ಕದಲ್ಲಿ ಕೂತಳು. ಬೆರಳುಗಳು ನೀರಿನಲ್ಲಿ ನೆನೆದು ಬೆಳ್ಳಗೆ ಸುಕ್ಕಾಗಿದ್ದವು. ಅವನ್ನು ನನ್ನ ಸೆರಗಿನಿಂದ ಒರೆಸಿದೆ.

"ಅವ್ವಾ, ಆ ಹಾಡು ಹೆಂಗೈತಿ? ಅದಕ್ಕ ಎಲ್ಲಾ ಕಳಕೊಂಡೆ. ಒಮ್ಮೆರ ಕೇಳತೀನಿ. ಹಾಡು."

ಬಾಯಿ ತೆರೆದೆ. ಮೊದಲ ಸಾಲು ಗಂಟಲಿಗೆ ಬಂತು. ನಿಮ್ಮ ಎಂಜಲು ನಮಗೆ.

ಒಳಗಿನಿಂದ ಭಾಸ್ಕರ ಕೂಗಿದ, ಇನ್ನೊಂದು ಟಬ್ಬು ಪಾತ್ರೆ ಬಂದಿದೆ ಎಂದು.

ಅವಳು ಎದ್ದು ಏಪ್ರನ್ ಕಟ್ಟಿಕೊಂಡು ಒಳಗೆ ಹೋದಳು. ನಾನು ಬಾಯಿ ಮುಚ್ಚಿಕೊಂಡೆ.